ಡಿಂಪ್ನಾ ತೂಗಿದ ಟ್ರಾಕ್ಟರ್

ನಮ್ಮ ಲೀಟ್ರಿಮ್ ಸೀಮೆಯ ದನದ ಸಂತೆಯಲ್ಲಿ ಡಿಂಪ್ನಾ ಮೆಗೋವರ್ನ್ ಇಪ್ಪತ್ತೆಂಟು ವರ್ಷ ವೇಬ್ರಿಡ್ಜ್, ಅಂದರೆ ದನ, ಗಾಡಿ ತೂಗುವ ನೆಲದ ತಕ್ಕಡಿ, ನೋಡಿಕೊಂಡವಳು. ಹೋರಿಯೊಂದು ಗಾಡಿಯಿಂದ ಇಳಿಯುವಷ್ಟರಲ್ಲಿ ಅದರ ತೂಕ ಹೇಳಿಬಿಡುತ್ತಿದ್ದಳು. ತಕ್ಕಡಿಯ ಮುಳ್ಳು ಆಮೇಲೆ ಒಪ್ಪಿಕೊಳ್ಳುತ್ತಿತ್ತು. ಮದುವೆಯಾಗಿರಲಿಲ್ಲ. ತಮ್ಮ ಫೀಲಿಮ್ ಜೊತೆ ಗುಡ್ಡದ ಮಗ್ಗುಲಲ್ಲಿ ಬೇಸಾಯ. ಅವರ ಬೇಲಿಯಾಚೆಯ ಹೊಲ ನನ್ನದು.

ಒಂದು ವರ್ಷ ಜುಲೈನಲ್ಲಿ ಅಪರೂಪಕ್ಕೆ ಐದು ದಿನ ಬಿಸಿಲು ಹಿಡಿಯಿತು. ಫೀಲಿಮ್ ಆಗಷ್ಟೇ ದೊಡ್ಡ ಬೇಲರ್ ತಂದಿದ್ದ. ಹುಲ್ಲನ್ನು ಬಾಚಿ, ಹೊಟ್ಟೆಯೊಳಗೆ ದುಂಡಗೆ ಸುರುಳಿ ಸುತ್ತಿ, ಹಿಂಬಾಗಿಲಿನಿಂದ ಉರುಳಿಸುವ ಯಂತ್ರ. ಎಳೆಯುವುದಕ್ಕೆ ಮಾತ್ರ ಅಪ್ಪನ ಕಾಲದ ಸಣ್ಣ ಟ್ರಾಕ್ಟರ್.

ಏರಿನಲ್ಲಿ ಮೇಲ್ಮುಖವಾಗಿ ನಿಲ್ಲಿಸಿ, ಸುರುಳಿ ಬಿಡಲು ಬಾಗಿಲೆತ್ತಿದ. ಸುರುಳಿ ಉರುಳಿತು, ಅದರ ಹಿಂದೆಯೇ ಟ್ರಾಕ್ಟರ್ ಕೂಡ ಕೆಳಕ್ಕೆ ಜಾರತೊಡಗಿತು. ಬ್ರೇಕ್ ಒತ್ತಿದಷ್ಟೂ ಚಕ್ರ ತಿರುಗದೆ ಜಾರಿತು. ಬೇಲರ್ ಅಡ್ಡಕ್ಕೆ ಮಡಚಿಕೊಂಡಿತು. ಬೇಲಿಯ ಮುಳ್ಳುಮರಗಳಿಗೆ ಗುದ್ದಿದ್ದರಿಂದ ಮಗುಚಲಿಲ್ಲ. ನಾನು ಓಡಿ ಹೋದಾಗ ಫೀಲಿಮ್ ಸ್ಟಿಯರಿಂಗ್ ಹಿಡಿದೇ ಇದ್ದ. ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.

ಡಿಂಪ್ನಾ ಬಂದಳು. ಅವನ ಕಿವಿ, ಕತ್ತು, ಭುಜ ಎಲ್ಲ ಮುಟ್ಟಿ ನೋಡಿದಳು, ಚಿಕ್ಕಂದಿನಲ್ಲಿ ಅವನು ಮರದಿಂದ ಬಿದ್ದಾಗ ನೋಡುತ್ತಿದ್ದ ಹಾಗೆ.

"ಬ್ರೇಕ್ ಸವೆದಿದೆ, ಬೇರೆ ಹಾಕಿಸ್ತೀನಿ," ಅಂದ ಫೀಲಿಮ್.

"ಬ್ರೇಕ್ ಚಕ್ರಾನ ಹಿಡಿಯತ್ತೆ ಕಣೋ. ಚಕ್ರ ನೆಲಾನ ಹಿಡೀಬೇಕಲ್ಲ? ಸೋಮವಾರ ಸಂತೆ ಅಂಗಳಕ್ಕೆ ತಗೊಂಬಾ. ಬೇಲರ್ ಸಮೇತ, ಒಳಗೊಂದು ಸುರುಳಿನೂ ಇರ್ಲಿ."

"ಟ್ರಾಕ್ಟರ್ನ ಹರಾಜಿಗೆ ಇಡ್ತೀಯೇನೇ?"

"ನಿನ್ನ ಇಟ್ರೆ ಯಾರೂ ಕೂಗಲ್ಲ. ಬಾ ಸುಮ್ನೆ."

ಸೋಮವಾರ ಟ್ರಾಕ್ಟರಿನ ಚಕ್ರಗಳನ್ನು ಮಾತ್ರ ತಕ್ಕಡಿಯ ಮೇಲೆ ನಿಲ್ಲಿಸಿದಳು, ಬೇಲರ್ ಹೊರಗೆ. ಮೂರು ಸಾವಿರದ ನೂರು ಕೆ.ಜಿ. "ಈಗ ಬಾಗಿಲೆತ್ತು," ಅಂದಳು. ಸುರುಳಿ ಹಿಂದಕ್ಕೆ ಸರಿಯುತ್ತಿದ್ದಂತೆ ಬೇಲರಿನ ಮೂತಿ ಮೇಲೆದ್ದು ಟ್ರಾಕ್ಟರಿನ ಹಿಂಭಾಗವನ್ನೂ ಎತ್ತಿ ಹಿಡಿಯಿತು. ಟ್ರಾಕ್ಟರಿನ ಮೇಲಿದ್ದ ಭಾರದಲ್ಲಿ ಇನ್ನೂರೈವತ್ತು ಕೆ.ಜಿ. ಅಲ್ಲೇ ಮಾಯ.

ಫೀಲಿಮ್ ಮುಳ್ಳನ್ನೇ ನೋಡುತ್ತ ನಿಂತ. "ಇದು ಸಮತಟ್ಟು ನೆಲದಲ್ಲಿ," ಅಂದಳು ಡಿಂಪ್ನಾ. "ಏರಿನಲ್ಲಿ ಹೇಗಿರತ್ತೆ ಯೋಚ್ನೆ ಮಾಡು. ಬೇಲರ್, ಸುರುಳಿ ಸೇರಿದ್ರೆ ನಿನ್ನ ಟ್ರಾಕ್ಟರ್‌ಗಿಂತ ಭಾರ. ನಾಯಿಗಿಂತ ಬಾಲ ದಪ್ಪ."

"ಮತ್ತೆ ಬೇಲರ್ ಮಾರಿಬಿಡ್ಲಾ?"

"ಬೇಡ. ಟ್ರಾಕ್ಟರ್‌ಗೆ ಊಟ ಹಾಕೋಣ."

ಹಿಂದಿನ ಟಯರುಗಳಿಗೆ ನೀರು ತುಂಬಿಸಿದರು. ಚಕ್ರಗಳನ್ನು ಹೊರಕ್ಕೆ ಸರಿಸಿ ಅಗಲ ಹೆಚ್ಚಿಸಿದರು. ಏರು ಹತ್ತುವಾಗ ಟ್ರಾಕ್ಟರಿನ ಮೂತಿ ಹಗುರಾಗಬಾರದೆಂದು ಮುಂದುಗಡೆ ಕಬ್ಬಿಣದ ತೂಕಗಳನ್ನು ತೂಗುಹಾಕಿದರು. ಪ್ರತಿಯೊಂದಾದ ಮೇಲೂ ಮತ್ತೆ ತಕ್ಕಡಿ. ಹೊಲದ ಕಡಿದಾದ ಮೇಲಿನ ತುಂಡನ್ನು ಕುರಿಗಳಿಗೇ ಬಿಡಬೇಕೆಂದು ಡಿಂಪ್ನಾ ಹಟ ಹಿಡಿದಳು. ಆ ಒಂದು ಮಾತಿಗೆ ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು. ಗೆದ್ದವಳು ಅವಳೇ.

ಆಗಸ್ಟಿನಲ್ಲಿ ಮತ್ತೆ ಬಿಸಿಲು ಬಂತು. ಫೀಲಿಮ್ ನಿಧಾನವಾಗಿ ಸುತ್ತಿದ. ಸುರುಳಿ ತುಂಬಿದಾಗಲೆಲ್ಲ ಸಮತಟ್ಟು ಜಾಗಕ್ಕೆ ಬಂದು, ಇಳಿಜಾರಿಗೆ ಅಡ್ಡವಾಗಿ ತಿರುಗಿಸಿ ಬಾಗಿಲೆತ್ತಿದ. ಟ್ರಾಕ್ಟರ್ ಕದಲಲಿಲ್ಲ. ಬೇಲಿಯ ಬಳಿ ಡಿಂಪ್ನಾ ಮತ್ತು ನಾನು ಸುರುಳಿಗಳನ್ನು ಎಣಿಸಿದೆವು. ಹತ್ತನೆಯದಾದ ಮೇಲೆ ಎಣಿಸುವುದನ್ನು ಬಿಟ್ಟು ಚಹಾ ಬಗ್ಗಿಸಿಕೊಂಡೆವು.

ಈಗ ಬೇಸಿಗೆಯಲ್ಲಿ ಸಂತೆಯಿಲ್ಲದ ಶನಿವಾರ ಅಂಗಳದ ಗೇಟಿನಲ್ಲಿ ತೂಗಿಸಲು ಬಂದ ಟ್ರಾಕ್ಟರುಗಳ ಸಾಲು. ಮೊನ್ನೆ ನನ್ನದನ್ನೂ ಒಯ್ದಿದ್ದೆ. ಡಿಂಪ್ನಾ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ಮೊದ್ಲು ನೀನು ಇಳಿ ಮಾರಾಯಾ, ನಿನ್ನ ಹೊಟ್ಟೆ ಲೆಕ್ಕಕ್ಕೆ ಬೇಡ!"