ಗೋಡೆಗೆ ಹತ್ತದ ಪಟ್ಟಿ

ನಮ್ಮ ಯಜಮಾನರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಮಿರಜದಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವರು. ನಾನು ಅಥಣಿಯ ಕನ್ನಡ ಶಾಲೆಯವಳು. ಆದ್ದರಿಂದಲೇ ಅವರ ವಿಷಯವನ್ನು ಇಷ್ಟು ಧೈರ್ಯವಾಗಿ ಬರೆಯಲು ಕೂತಿದ್ದೇನೆ.

ಅವರ ಹೆಸರು ಶಿವಲಿಂಗಪ್ಪ. ಮಿರಜದ ಮಾರ್ಕೆಟ್ಟಿನಲ್ಲಿ ನಮ್ಮದು ಹಗ್ಗ, ಲಾರಿಗೆ ಹೊದಿಸುವ ತಾಡಪತ್ರಿಗಳ ಅಂಗಡಿ, ಅದರ ಮೇಲೆಯೇ ಮನೆ. ಗಿರಾಕಿ ಬಂದರೆ ಹಗ್ಗ ಅಳೆದು ಕೊಡುತ್ತಾರೆ, ಎಷ್ಟು ಎಂದು ಕೇಳಿದರೆ ಹೇಳುತ್ತಾರೆ, ಮುಗಿಯಿತು. ಮನೆಯಲ್ಲಂತೂ ಕೇಳಲೇಬೇಡಿ. ಮದುವೆಯಾದ ಮೊದಲ ವರ್ಷ ಈ ಮನುಷ್ಯ ನನ್ನ ಮೇಲೆ ಸಿಟ್ಟಾಗಿದ್ದಾನೆ ಎಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇವರ ಮಾತೆಲ್ಲ ಬೆಳಿಗ್ಗೆ ಏಳರಿಂದ ಏಳೂವರೆಯೊಳಗೆ ಖರ್ಚಾಗಿ ಹೋಗುತ್ತದೆ ಎಂದು. ಇವರು ಹ್ಯಾಮ್ ರೇಡಿಯೋದವರು, ಎಂದರೆ ಮನೆಯಿಂದಲೇ ದೂರದೂರಿನವರ ಜೊತೆ ರೇಡಿಯೋದಲ್ಲಿ ಮಾತಾಡುವವರು. ಸರಕಾರದ ಪರೀಕ್ಷೆ ಕೊಟ್ಟು, ತಾರು ಕಳಿಸುವ ಕಟ್ಟು-ಕಡ ಸಂಕೇತ ಕಲಿತು, ಲೈಸೆನ್ಸ್ ತೆಗೆದುಕೊಂಡವರು. ಅದಕ್ಕಾಗಿ ನಮ್ಮ ಮಾಳಿಗೆಯ ಮೇಲೆ ಕಟ್ಟಿದ ಉದ್ದನೆಯ ತಂತಿಯನ್ನು ನೋಡಿ ಓಣಿಯವರು ಬಟ್ಟೆ ಒಣಗಿಸಲು ಎಂದುಕೊಂಡಿದ್ದರು. ಒಬ್ಬಳು ಬಂದು ಹಾಸಿಗೆ ಹೊದಿಕೆ ಹಾಕಿಯೂ ಹೋದಳು.

ದಿನಾ ಬೆಳಿಗ್ಗೆ ಏಳಕ್ಕೆ ಗದಗಿನ ಒಬ್ಬ ಮಾಸ್ತರರು, ಪುಣೆಯ ಒಬ್ಬರು, ಇನ್ನೂ ನಾಲ್ಕಾರು ಊರಿನವರು ಗಾಳಿಯಲ್ಲಿ ಸೇರುತ್ತಿದ್ದರು. ಇವರು ನಗುತ್ತಿದ್ದರು, ಚೇಷ್ಟೆ ಮಾಡುತ್ತಿದ್ದರು, ಅಲ್ಲಿ ಮಳೆ ಹೇಗಿದೆ ಎಂದು ವಿಚಾರಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ, ನನ್ನ ಗಂಡ ಇಷ್ಟು ಚೆನ್ನಾಗಿ ಮಾತಾಡುತ್ತಾನಲ್ಲ ಎಂದು ಕೇಳಿಸಿಕೊಳ್ಳುತ್ತಿದ್ದೆ. ನಿಜ ಹೇಳುತ್ತೇನೆ, ಆ ಅರ್ಧ ಗಂಟೆ ನನಗೂ ಬೇಕಿತ್ತು.

ಆ ರೇಡಿಯೋಗೆ ಗೋಡೆಯ ಕರೆಂಟು ನಡೆಯುವುದಿಲ್ಲ. ಮೋಟಾರಿನ ಬ್ಯಾಟರಿಯಂತೆ ಬರೀ ಹನ್ನೆರಡು ವೋಲ್ಟು ಬೇಕು. ಅದಕ್ಕಾಗಿ ಇವರೇ ಒಂದು ಪವರ್ ಸಪ್ಲೈ ಕಟ್ಟಿದ್ದರು. ಅದರಿಂದ ಹೊರಟ ಕರೆಂಟನ್ನು ರೇಡಿಯೋಗೆ, ಮೀಟರಿಗೆ, ಪುಟ್ಟ ದೀಪಕ್ಕೆ ಹಂಚಲು ಒಂದು ಹಲಗೆ. ಆ ಹಲಗೆಯ ಮೇಲೆ ಮನೆಯ ಗೋಡೆಯಲ್ಲಿ ಇರುತ್ತವಲ್ಲ, ಅಂಥವೇ ಮೂರು ತೂತಿನ ಐದು ಸಾಕೆಟ್ಟು, ರೇಡಿಯೋದ ತಂತಿಗೆ ಅದಕ್ಕೆ ಹೊಂದುವ ಪ್ಲಗ್ಗು. “ಮೂರು ಪಿನ್ನಿದ್ರ ಪ್ಲಸ್-ಮೈನಸ್ ತಿರುಗಾಮುರುಗಾ ಆಗೂದಿಲ್ಲ,” ಎಂದು ಅದರ ಬಗ್ಗೆ ಅವರಿಗೆ ಭಾರೀ ಹೆಮ್ಮೆ. ತಲೆ ಓಡಿಸಿದ್ದಾರೆ ಎಂದು ನಾನೂ ಒಪ್ಪಿದ್ದೆ.

ಇನ್ನು ನಮ್ಮ ಅತ್ತೆ ಗುರುಶಾಂತವ್ವನವರ ವಿಷಯ. ದೇಶದಲ್ಲಿ ಹೊಸ ಆರ್ಥಿಕ ನೀತಿ ಬಂತೆಂದು ಪೇಪರಿನವರು ಬರೆದರು, ನಮ್ಮ ಮನೆಯಲ್ಲಿ ಅದು ಖಂಡೇನವಮಿಯ ಆಯುಧಪೂಜೆಯ ದಿನ ತಿಳಿಯುತ್ತಿತ್ತು. ಮೊದಲು ಪೂಜೆಗೆ ಇದ್ದದ್ದು ಹೊಲಿಗೆ ಯಂತ್ರ, ಈಳಿಗೆ, ಒನಕೆ. ಆಮೇಲೆ ಮಿಕ್ಸರ್ ಬಂತು, ಫ್ರಿಜ್ ಬಂತು, ಕಲರ್ ಟಿವಿ, ಕೂಲರ್, ಇಸ್ತ್ರಿ, ಟೆಲಿಫೋನು. ಒದ್ದೆ ಬಟ್ಟೆಯಿಂದ ಒರೆಸುವಾಗ ಶಾಕ್ ಹೊಡೆಯಬಾರದೆಂದು ಅತ್ತೆ ಮೊದಲು ಎಲ್ಲದರ ಪ್ಲಗ್ಗು ಕೀಳುತ್ತಿದ್ದರು. ಒರೆಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಮತ್ತೆ ಒಂದೊಂದಾಗಿ ಗೋಡೆಗೆ ಹಾಕುತ್ತಿದ್ದರು. ಎಪ್ಪತ್ತು ದಾಟಿದವರು, ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಗುತ್ತಿತ್ತು. ನಾವು ಕೈ ಹಾಕಿದರೆ ಸಿಟ್ಟು.

ತೊಂಬತ್ತೇಳರ ಖಂಡೇನವಮಿಯಂದು ಯಜಮಾನರು ಅಂಗಡಿಯ ಪೂಜೆಗೆ ಕೆಳಗಿಳಿದಿದ್ದರು. ನಾನು ಹೋಳಿಗೆಯ ಮುಂದೆ ಕೂತಿದ್ದೆ. ಒಳಗಿನ ಕೋಣೆಯಿಂದ ಪಟ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಅತ್ತೆ ರೇಡಿಯೋದ ಪ್ಲಗ್ಗು ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಮಿಕ್ಸರಿನದನ್ನು ಹಾಕಿದ ಕಡೆಯೇ ಅದನ್ನೂ ಹಾಕಿಬಿಟ್ಟಿದ್ದರು. ಪ್ಲಗ್ಗು ನೋಡಲು ಒಂದೇ ತರಹ, ಹೋಗುವುದೂ ಒಂದೇ ತರಹ. ವಿಭೂತಿ ಬಳಿದ ರೇಡಿಯೋದಿಂದ ಹೊಗೆ ಏಳುತ್ತಿತ್ತು.

“ಅಲಕಾ, ಅವಗ ಹೇಳಬ್ಯಾಡ,” ಎಂದರು. “ಪೂಜಿ ಮಾಡಿದ ಕೈಯಿಂದನ ಸುಟ್ಟಿತು ಅಂದ್ರ ಅಂವ ನನ್ನ ಮಾರಿ ಹೆಂಗ ನೋಡ್ಯಾನು? ಬೈದ್ರ ತಡಕೋತೇನಿ. ಅಂವ ಬಯ್ಯಂಗಿಲ್ಲ, ಸುಮ್ಮನ ಕುಂದರತಾನ.” ನನ್ನ ಕೊರಳಿನ ಲಿಂಗದ ಮೇಲೆ ಕೈ ಇಡಿಸಿ ಆಣೆ ತೆಗೆದುಕೊಂಡರು. ಅವರಿಗೇ ಶಾಕ್ ಹೊಡೆದಿದ್ದರೆ ಎಂಬ ಗಾಬರಿಯಲ್ಲಿ ನಾನು ಹೂಂ ಎಂದೆ. ಆ ಪ್ಲಗ್ಗನ್ನು ಮತ್ತೆ ಹಲಗೆಗೆ ಸಿಕ್ಕಿಸಿಟ್ಟವಳೂ ನಾನೇ. ಈ ಪಾಪದಲ್ಲಿ ನನಗೂ ಪಾಲಿದೆ.

ಸಂಜೆ ಯಜಮಾನರು ಬಂದು ಸ್ವಿಚ್ ಒತ್ತಿದರು. ರೇಡಿಯೋ ಏಳಲಿಲ್ಲ. ಮರುವಾರ ಅದನ್ನು ರಿಪೇರಿಗೆ ಪುಣೆಯ ಗೆಳೆಯರಿಗೆ ಕಳಿಸಿದರು. ಅವರಿಂದ ಪತ್ರ ಬಂತು: ಒಳಗೆ ಹನ್ನೆರಡಕ್ಕಿಂತ ಬಹಳ ಹೆಚ್ಚು ವೋಲ್ಟು ಹೊಕ್ಕಿದೆ, ನಿಮ್ಮ ಪವರ್ ಸಪ್ಲೈ ಪರೀಕ್ಷಿಸಿ. ಅಲ್ಲಿಂದ ಶುರುವಾಯಿತು ನೋಡಿ. ತಾವೇ ಕಟ್ಟಿದ ಆ ಪವರ್ ಸಪ್ಲೈಯನ್ನು ಎಷ್ಟು ಸಲ ಬಿಚ್ಚಿದರೋ, ಎಷ್ಟು ಸಲ ಕೂಡಿಸಿದರೋ. ಮೀಟರ್ ಹಚ್ಚಿದರೆ ಹನ್ನೆರಡು ಚಿಲ್ಲರೆ. ಬಲ್ಬು ಹಚ್ಚಿದರೆ ಅದೇ. ಇಡೀ ದಿನ ಓಡಿಸಿದರೂ ಅದೇ. ತಪ್ಪೇ ಇಲ್ಲದ ಕಡೆ ತಪ್ಪು ಹುಡುಕುವವನಿಗೆ ಸಿಗುವುದಾದರೂ ಏನು?

ಫೆಬ್ರುವರಿಯಲ್ಲಿ ರೇಡಿಯೋ ದುರಸ್ತಿಯಾಗಿ ಬಂತು. ಬಿಚ್ಚಿ ನೋಡಿ ಕಪಾಟಿನಲ್ಲಿಟ್ಟರು.

“ಹಚ್ಚರಲಾ,” ಎಂದೆ.

“ಎಲ್ಲಿ ತಪ್ಪೇತಿ ತಿಳೀಲಾರದ ಹೆಂಗ ಹಚ್ಚಲಿ? ಇನ್ನೊಮ್ಮೆ ಸುಟ್ರ ಪುಣೆದವರೂ ಕೈ ಮುಗೀತಾರ. ನನ್ನ ಕೆಲಸದ ಮ್ಯಾಲ ನನಗ ಭರವಸಿ ಉಳಿದಿಲ್ಲ.”

ಬೆಳಿಗ್ಗೆ ಏಳಾದರೆ ಪೇಪರ್ ಹಿಡಿದು ಕೂರತೊಡಗಿದರು. ಮನೆ ಭಣಭಣ. ಓಣಿಯವರು ಯಾವಾಗಿನಂತೆ ಇವರ ಹತ್ತಿರ ಮಿಕ್ಸರ್ ರಿಪೇರಿಗೆ ತಂದರೆ, “ಬ್ಯಾರೆ ಕಡೆ ಒಯ್ರಿ,” ಎಂದು ವಾಪಸು ಕಳಿಸಿದರು. ಅತ್ತೆ ಊಟದ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದರು. ಹೇಳಿಬಿಡೋಣರಿ ಅತ್ತಿ, ಎಂದು ನಾನು ಎಷ್ಟು ಸಲ ಅಂದೆನೋ. ತಡವಾದಷ್ಟೂ ಬಾಯಿ ಕಟ್ಟುತ್ತಿತ್ತು. “ಇಷ್ಟ ದಿನಾ ಯಾಕ ಹೇಳಲಿಲ್ಲ ಅಂದ್ರ ಏನನ್ನಲಿ?” ಎನ್ನುತ್ತಿದ್ದರು. ಒಂದು ಕಡೆ ತಾಯಿ, ಒಂದು ಕಡೆ ಮಗ, ನಡುವೆ ಬಾಯಿಗೆ ಬೀಗ ಹಾಕಿಕೊಂಡ ನಾನು. ಮಾತಿನ ಮಲ್ಲಿಯಾದ ನನಗೆ ಅದು ಎಂಥ ಶಿಕ್ಷೆ ಎಂದು ನನ್ನ ತವರಿನವರಿಗೆ ಗೊತ್ತು.

ಜೂನಿನಲ್ಲಿ ಯಜಮಾನರು ಒಂದು ಹೊಸ ವಿಚಾರ ತೆಗೆದರು. ಹಂಚುವ ಆ ಹಲಗೆ ತೆಗೆದು ಒಂದು ಸರಿಯಾದ ಪಟ್ಟಿ ಹಾಕುವುದು. ಒಂದೊಂದು ತಂತಿಗೂ ಬೇರೆ ಫ್ಯೂಸು, ವೋಲ್ಟು ಏರಿದರೆ ಆ ಫ್ಯೂಸನ್ನು ತಾನೇ ಸುಟ್ಟು ರೇಡಿಯೋ ಉಳಿಸುವ ಒಂದು ಕಾವಲಿನ ಭಾಗ. ಅಷ್ಟು ಮಾಡಿದರೆ ಹಚ್ಚುವ ಧೈರ್ಯ ಬಂದೀತು ಎಂದರು. “ಬಂದೀತು ಅಂದೆ, ಬರ್ತೈತಿ ಅಂತ ಹೇಳೂದಿಲ್ಲ,” ಎಂದೂ ಸೇರಿಸಿದರು. ನನಗೆ ಜೀವ ಬಂದಂತಾಯಿತು, ಜೊತೆಗೆ ಹೆದರಿಕೆಯೂ ಆಯಿತು. ಮತ್ತೆ ಗೋಡೆಗೆ ಹೋಗುವಂಥದ್ದನ್ನೇ ತಂದರೆ? ಬರುವ ಖಂಡೇನವಮಿಗೆ ಅತ್ತೆಯ ಕೈ ಎಲ್ಲಿಗೆ ಹೋದೀತು? ಬಾಯಿ ಬಿಡುವಂತಿಲ್ಲ, ಆದರೆ ಆರಿಸುವಾಗ ಅಡ್ಡಗಾಲು ಹಾಕಬಾರದೆಂದು ಯಾರೂ ಆಣೆ ಹಾಕಿಸಿರಲಿಲ್ಲ.

ಮೊದಲು ಸಾಂಗಲಿಯಿಂದ ಒಂದು ಹೊಸ ಫ್ಯಾಶನ್ನಿನ ಪ್ಲಾಸ್ಟಿಕ್ ಬೋರ್ಡು ತಂದರು. ಮತ್ತೆ ಗೋಡೆಯಂಥವೇ ಐದು ಸಾಕೆಟ್ಟು, ಕೆಂಪು ದೀಪ. ಒಳಗಿನದನ್ನು ಬದಲಿಸಿಕೊಳ್ಳುತ್ತಾರಂತೆ.

“ಬ್ಯಾಡ್ರಿ,” ಎಂದೆ.

“ಯಾಕ?”

“ಬಣ್ಣ ಚಲೋ ಇಲ್ಲ.”

ಹತ್ತು ವರ್ಷದಲ್ಲಿ ನಾನು ಅವರ ರೇಡಿಯೋದ ಬಣ್ಣ ನೋಡಿದವಳಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು. ಆದರೂ ವಾಪಸು ಕೊಟ್ಟು, ಬಿಡಿಭಾಗದ ಅಂಗಡಿಯಿಂದ ಬನಾನಾ ಪಿನ್ ಎಂಬ ಕೆಂಪು-ಕಪ್ಪು ಪಿನ್ನುಗಳನ್ನು ತಂದರು. ಪರವಾಗಿಲ್ಲ ಅನ್ನಿಸಿತು. ಅವರು ಸ್ನಾನಕ್ಕೆ ಹೋದಾಗ, ಮೇನ್ ಸ್ವಿಚ್ ಆರಿಸಿ, ಎರಡೂ ಪಿನ್ನು ಹಿಡಿದು ಗೋಡೆಯ ತೂತಿಗೆ ಹಚ್ಚಿ ನೋಡಿದೆ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಹೋದವು!

“ಇದೂ ಬ್ಯಾಡ್ರಿ. ಬಾಳಿಹಣ್ಣಿನ ಹೆಸರಿಟ್ಟದ್ದು ಏನು ಗಟ್ಟಿ ಇದ್ದೀತು?”

ಮೂರನೆಯದು ಕಾರಿನಲ್ಲಿ ಸಿಗರೇಟು ಹೊತ್ತಿಸುವ ತೂತಿನಂಥದ್ದು. ಅದು ಗೋಡೆಗೆ ಏನು ಮಾಡಿದರೂ ಹೋಗುವುದಿಲ್ಲ. ನಾನು ಅದನ್ನು ಹೊಗಳಿದ್ದೇ ಹೊಗಳಿದ್ದು. ಅವರು ಮಾತ್ರ ಒಪ್ಪಲಿಲ್ಲ. ಮಾತಾಡಲು ಗುಂಡಿ ಒತ್ತಿದಾಗ ಈ ರೇಡಿಯೋ ಇಪ್ಪತ್ತು ಆಂಪಿಯರ್ ಎಳೆಯುತ್ತದೆ, ಇದು ಸಡಿಲಾಗಿ ಕಾದು ಕರಗುತ್ತದೆ ಎಂದರು. ಅವರ ಮಾತೂ ಸರಿ ಇತ್ತು, ನಾನೇನು ಮಾಡಲಿ?

ನಾಲ್ಕನೆಯದನ್ನು ಸ್ಟೇಶನ್ ರಸ್ತೆಯಲ್ಲಿ ಟ್ರಕ್ಕುಗಳ ವಾಯರಿಂಗ್ ಮಾಡುವ ಗಂಗಾರಾಮನ ಬಳಿ ಹುಡುಕಿದರು. ಟ್ರಕ್ಕಿನ ಫ್ಯೂಸ್ ಪೆಟ್ಟಿಗೆ, ಎರಡು ದಪ್ಪ ಹಿತ್ತಾಳೆ ಪಟ್ಟಿ, ಅವುಗಳ ಮೇಲೆ ಸಾಲಾಗಿ ಬೋಲ್ಟು. ತಂತಿಯ ತುದಿಗೆ ಉಂಗುರದಂಥ ಥಿಂಬಲ್ ಒತ್ತಿ, ಬೋಲ್ಟಿಗೆ ಹಾಕಿ, ಕೈಯಿಂದಲೇ ತಿರುಗಿಸುವ ಕಿವಿ ಇರುವ ನಟ್ಟು ಬಿಗಿಯುವುದು. ಪ್ಲಸ್ಸಿಗೆ ದೊಡ್ಡ ಬೋಲ್ಟು, ಮೈನಸ್ಸಿಗೆ ಸಣ್ಣದು. ತಿರುಗಾಮುರುಗಾ ಹಾಕಲು ಹೋದರೆ ಸಣ್ಣ ಉಂಗುರ ದೊಡ್ಡ ಬೋಲ್ಟಿಗೆ ಏರುವುದೇ ಇಲ್ಲ. ಟ್ರಕ್ಕಿನದು, ಕುಲುಕಾಟಕ್ಕೂ ಸಡಿಲಾಗದು.

ಭಾನುವಾರ ಮಧ್ಯಾಹ್ನ ಅದನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯಲು ಪಡಸಾಲೆಗೆ ಹೋದರು. ನಾನು ಮೇನ್ ಆರಿಸಿ, ಒಂದು ಥಿಂಬಲ್ ತೆಗೆದುಕೊಂಡು ಗೋಡೆಯ ಸಾಕೆಟ್ಟಿಗೆ ಹಚ್ಚಿದೆ. ಅಡ್ಡ ಹಚ್ಚಿದೆ, ಉದ್ದ ಹಚ್ಚಿದೆ, ಒತ್ತಿದೆ. ಹೋಗಲಿಲ್ಲ. ಖುಷಿಯಿಂದ ಇನ್ನೊಮ್ಮೆ ಒತ್ತಿದೆ.

“ನಾ ತಂದದ್ದನ್ನ ನೀ ಗ್ವಾಡಿಗೆ ಹಚ್ಚಿ ಯಾಕ ನೋಡಾಕತ್ತಿ?”

ತಿರುಗಿ ನೋಡಿದರೆ ಯಜಮಾನರು ಬಾಗಿಲಲ್ಲಿದ್ದರು. ಫ್ಯಾನು ನಿಂತಿದ್ದಕ್ಕೆ ಕರೆಂಟು ಹೋಯಿತೇನೋ ಎಂದು ಬಂದಿದ್ದರು. ನಾನು ಉಂಗುರವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಗೋಡೆ ನೋಡಿದರು, ಹಳೆಯ ಹಲಗೆ ನೋಡಿದರು, ಆ ಮೂರು ತೂತುಗಳನ್ನು ನೋಡಿದರು.

ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ಎದ್ದು ಬಂದರು.

“ಅಕೀನ ಕೇಳಬ್ಯಾಡ, ನನ್ನ ಕೇಳು. ಖಂಡೇನವಮಿ ದಿನಾ ನಾನ ಗ್ವಾಡಿಗೆ ಹಾಕಿದೆ, ಶಿವಲಿಂಗ. ನಾನ ಸುಟ್ಟೇನಿ. ಇಕೀ ಬಾಯಿಗೆ ಆಣಿ ಹಾಕಿದಾಕಿನೂ ನಾನ.”

ಯಜಮಾನರು ಕುರ್ಚಿಯ ಮೇಲೆ ಕೂತುಬಿಟ್ಟರು. ಆಯಿತು, ಇನ್ನು ಈ ಮನೆಯಲ್ಲಿ ಮಾತೇ ನಿಂತಿತು ಎಂದುಕೊಂಡೆ. ಅತ್ತೆ ಗೋಡೆ ಹಿಡಿದು ನಿಂತಿದ್ದರು.

“ಗ್ವಾಡಿಗೆ? ಖರೇನ ಗ್ವಾಡಿಗೆ?” ಯಜಮಾನರು ಕೇಳಿದರು.

“ಹೂಂ.”

“ಹಂಗಾರ ಪವರ್ ಸಪ್ಲೈ ಚಲೋನ ಐತಿ!”

ಎದ್ದು ನಿಂತರು. “ಅವ್ವಾ, ನನ್ನ ಕೆಲಸದಾಗ ತಪ್ಪಿದ್ದಿಲ್ಲ! ತಂತಿ ಬೆಸಿಗೆ ಚಲೋ ಇತ್ತು, ಎಲ್ಲಾ ಚಲೋ ಇತ್ತು! ಎಂಟು ತಿಂಗಳಾತಲ್ಲ ನಾ ಅದರಾಗ ಇರಲಾರದ್ದು ಹುಡುಕಾಕತ್ತು!” ನಗುತ್ತಿದ್ದರು, ಕಣ್ಣಲ್ಲಿ ನೀರೂ ಬರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹಾಗೆ ನೋಡಿದ್ದು ಅದೇ ಮೊದಲು. ನಾನು ಸೆರಗಿನೊಳಗಿನ ಉಂಗುರ ತೆಗೆದು ಮೇಜಿನ ಮೇಲಿಟ್ಟೆ.

ಅತ್ತೆಗೆ ಮಾತ್ರ ಸಿಟ್ಟು ಬಂತು. “ನಾ ಎಂಟು ತಿಂಗಳು ಕೂಳು ನುಂಗಲಾರದ ಕುಂತೇನಿ, ಇಂವ ನಗಾಕತ್ತಾನ ನೋಡು!”

ಆಗ ಅವರ ನಗು ನಿಂತಿತು. ತಾಯಿಯ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದರು. “ನಿನಗ ಶಾಕ್ ಹೊಡೀಲಿಲ್ಲಲ್ಲ?” ಎಂದು ಕೇಳಿದರು. ಇಲ್ಲ ಎಂದಮೇಲೂ ಬಿಡಲಿಲ್ಲ, ಇನ್ನೊಮ್ಮೆ ನೋಡಿದರು.

ಹೊಸ ಪಟ್ಟಿ ಅಂದೇ ಕೂತಿತು. ಮರುದಿನ ಏಳಕ್ಕೆ ಗದಗಿನ ಮಾಸ್ತರರ ದನಿ ಬಂದಾಗ ನಾನು ರೊಟ್ಟಿ ಬಿಟ್ಟು ಓಡಿ ಹೋದೆ. ಅತ್ತೆ ಆಗಲೇ ಮಣೆ ಹಾಕಿಕೊಂಡು ಕೂತಿದ್ದರು.

“ಶಿವಲಿಂಗಪ್ಪನವರ, ಎಲ್ಲಿ ಹೋಗಿದ್ದಿರಿ? ರೇಡಿಯೋ ಸೆಟ್ಟಿಗೆ ಏನಾಗಿತ್ತರಿ?”

ಯಜಮಾನರು ಮೈಕಿನ ಗುಂಡಿ ಒತ್ತಿದರು. “ಗ್ವಾಡಿಗೂ ಹೋಗೂವಂಥ ಪ್ಲಗ್ಗು ಇಟ್ಟಿದ್ದೆರಿ, ಗ್ವಾಡಿಗೆ ಹೋತು. ಇಟ್ಟಾಂವ ನಾ. ತಪ್ಪು ನಂದರಿ.”

ನಮ್ಮ ಅತ್ತೆಗೆ ಅಂಗಡಿಯ ಮುಂದಿನ ಹಾಲಿನವನ ಸೈಕಲ್ ಗಂಟೆ ಮಾಳಿಗೆಯ ಮೇಲೆ ಕೇಳಿಸುತ್ತದೆ. ಆದರೂ ಕಿವಿಗೆ ಕೈ ಇಟ್ಟುಕೊಂಡು, “ಏನಂದಿ? ನನಗ ಕೇಳಸಲಿಲ್ಲ,” ಎಂದರು.

ಅವರು ತಾಯಿಯ ಮುಖ ನೋಡಿ, ಮತ್ತೆ ಗುಂಡಿ ಒತ್ತಿ, ಜೋರಾಗಿ ಹೇಳಿದರು. “ತಪ್ಪು ನಂದರಿ.”

“ತಿಳೀತರಿ, ಒಮ್ಮೆ ಹೇಳಿದ್ರ ಸಾಕು,” ಎಂದರು ಗದಗಿನವರು.

“ಸಾಕಾಗೂದಿಲ್ಲರಿ ಮಾಸ್ತರ,” ಎಂದು ಇವರು ಮೂರನೆಯ ಸಲ ಹೇಳಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ರೊಟ್ಟಿ ಸೀಯುತ್ತಿದೆ ಎಂದು ನನ್ನನ್ನು ಬೈದರು.