ಸೊರಬದ ಮಳೆಯಲ್ಲಿ ಬೂಟು ಒದ್ದೆಯಾಗದಂತೆ ಕಾಪಾಡಿದ ಬಗ್ಗೆ

ಈ ಬರಹವನ್ನು ಓದುವವರ ಅವಗಾಹನೆಗೆ ಮೊದಲಿಗೇ ತರುವುದೇನೆಂದರೆ, ನಾನು ಇದುವರೆಗೆ ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲ. ಲೋಪಗಳು ಕಂಡುಬಂದಲ್ಲಿ ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಸೊರಬದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ನೇಮಕವಾಯಿತು. ನಮ್ಮದು ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಕಡೆಯ ಒಕ್ಕಲುತನದ ಮನೆ. ನಮ್ಮ ಮನೆಯಲ್ಲಿ ಅದುವರೆಗೆ ಬೂಟು ಹಾಕಿದವರು ಯಾರೂ ಇರಲಿಲ್ಲ. ನೇಮಕಾತಿ ಆದೇಶ ಕೈಗೆ ಬಂದ ವಾರದಲ್ಲಿಯೇ ಅಪ್ಪ ನನ್ನನ್ನು ಶಿಕಾರಿಪುರದ ಪೇಟೆಗೆ ಕರೆದೊಯ್ದು, ಲೇಸು ಕಟ್ಟುವ ಕಪ್ಪು ಚರ್ಮದ ಬೂಟು ಕೊಡಿಸಿದರು. ಚರ್ಮ ನೀರು ಕುಡಿದರೆ ತಳದ ಅಟ್ಟೆ ಬಿಟ್ಟುಕೊಳ್ಳುತ್ತದೆ ಎಂದು ಅಂಗಡಿಯವನು ಒಂದೇ ಒಂದು ಮಾತು ಹೇಳಿದನು. ಅಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಸೊರಬಕ್ಕೆ ಹೊಂಟೀಯ. ಅಲ್ಲಿ ಮಳಿ ಅಂದ್ರೆ ನಮ್ಮೂರ ಮಳಿ ಅಲ್ಲ. ನೀ ನೆನದ್ರೆ ಒಣಗ್ತಿ, ಬೂಟು ನೆನದ್ರೆ ಮುಗೀತು,” ಎಂದರು. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮೂರು ಸಲ ತೊಳೆದು, ಒಣಗಿಸಿ, ಮಡಿಸಿ ನನ್ನ ಟ್ರಂಕಿನ ಮೇಲಿಟ್ಟರು.

ಶ್ರಾವಣದ ಮೊದಲ ಸೋಮವಾರ ಹೊರಟೆನು. ಶಿರಾಳಕೊಪ್ಪದವರೆಗೆ ಬೂಟುಗಳು ನನ್ನ ಕಾಲಿನಲ್ಲಿಯೇ ಇದ್ದವು. ಅಲ್ಲಿಂದ ಮುಂದೆ ಮಳೆ ಹಿಡಿಯಿತು. ಬಸ್ಸಿನ ಕಿಟಕಿಗಳಿಗೆ ಇಳಿಬಿಟ್ಟಿದ್ದ ಟಾರ್ಪಾಲಿನಿಂದ ಒಳಕ್ಕೆ ಇಳಿದ ನೀರು, ಚಾಲಕರು ಬ್ರೇಕು ಹಾಕಿದಾಗ ಮುಂದಕ್ಕೂ ದಿಬ್ಬ ಹತ್ತಿಸಿದಾಗ ಹಿಂದಕ್ಕೂ ಹರಿದಾಡುತ್ತಿತ್ತು. ನೀರು ಬಂದಾಗಲೆಲ್ಲ ನಾನು ಕಾಲೆತ್ತುತ್ತಿದ್ದೆನು. ಪಕ್ಕದಲ್ಲಿ ಕುಳಿತಿದ್ದ ಕುಪ್ಪಗಡ್ಡೆಯ ರೈತರೊಬ್ಬರು ಬಹಳ ಹೊತ್ತು ಸುಮ್ಮನೆ ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು.

“ಎಂತ ತಮ್ಮ, ಆಗಿಂದ ಸೈಕಲ್ ಹೊಡ್ದಂಗೆ ಮಾಡ್ತಿದ್ದೀಯಲ್ಲ? ಬಿಚ್ಚಿ ತೊಡೆ ಮ್ಯಾಲೆ ಇಟ್ಕಳ ಮಾರಾಯ. ಕಾಲಾದ್ರೆ ತೊಳೀಬೋದು, ಬೂಟು ತೊಳ್ಯಾಕೆ ಆಗ್ತೈತಾ?”

ಮಾತು ಸರಿಯೆನಿಸಿತು. ಬೂಟು ಬಿಚ್ಚಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಗಾಳಿಯೂ ಹೋಗದಂತೆ ಹುರಿಯಿಂದ ಬಿಗಿದೆನು. ಸೊರಬದಲ್ಲಿ ಇಳಿದು, ಕಚೇರಿಯ ಮೆಟ್ಟಿಲಿನ ಮೇಲೆ ಕಾಲು ಒರೆಸಿ, ಬೂಟು ಹಾಕಿ, ಒಳಹೋಗಿ ಕರ್ತವ್ಯಕ್ಕೆ ಹಾಜರಾದೆನು. ಸಾಹೇಬರು ನನ್ನ ಹಾಜರಿ ವರದಿಯ ಮೇಲೆ ರುಜು ಮಾಡುತ್ತ, “ಕೇಂದ್ರಸ್ಥಾನದಲ್ಲೇ ವಾಸ ಇರ್ಬೇಕ್ರೀ. ಶಿಕಾರಿಪುರದಿಂದ ಓಡಾಡ್ತೀನಿ ಅಂದ್ರೆ ನಾ ಒಪ್ಪಲ್ಲ. ಇವತ್ತೇ ಒಂದು ರೂಮು ನೋಡ್ಕೊಳ್ಳಿ,” ಎಂದರು. ಟ್ರಂಕನ್ನು ಕಚೇರಿಯಲ್ಲಿಯೇ ಬಿಟ್ಟು, ಹೊರಗೆ ಬಂದು ಪುನಃ ಬೂಟು ಬಿಚ್ಚಿ ಗಂಟು ಕಟ್ಟಿಕೊಂಡು, ರೂಮು ಹುಡುಕಲು ಹೊರಟೆನು.

ಮೊದಲ ಎರಡು ಮನೆಗಳಲ್ಲಿ ಮದುವೆಯಾಗದವರಿಗೆ ಕೊಡುವುದಿಲ್ಲವೆಂದು ತಿಳಿಸಿದರು. ಮೂರನೆಯ ಮನೆ ಕಚೇರಿಯ ಎದುರಿಗೇ ಇತ್ತು. ದಿನಸಿ ವ್ಯಾಪಾರದ ಶಿವಭಕ್ತರ ಮನೆ. ಹಣೆಗೆ ವಿಭೂತಿ ಧರಿಸಿ ಜಗಲಿಯಲ್ಲಿ ಕುಳಿತಿದ್ದ ಯಜಮಾನಿ, ಮೊಳಕಾಲಿನವರೆಗೆ ಪ್ಯಾಂಟು ಮಡಿಸಿ ಗಂಟನ್ನು ಎದೆಗೆ ಅವುಚಿಕೊಂಡು ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ನೋಟ ನನ್ನ ಪಾದಗಳ ಮೇಲೆ ನಿಂತಿತು.

“ಬರಿಗಾಲಾಗೆ ಬಂದೀಯಲ್ಲ ತಮ್ಮ! ಶ್ರಾವಣ ಹಿಡಿದೀಯನ?”

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಶ್ರಾವಣ ಸೋಮವಾರ ಹಗಲೆಲ್ಲ ಉಪವಾಸವಿದ್ದು ದೀಪ ಹಚ್ಚಿದ ಮೇಲೆ ಊಟ ಮಾಡುತ್ತಾರೆ. ಹರಕೆ ಹೊತ್ತವರು ತಿಂಗಳು ಪೂರ್ತಿ ಮೆಟ್ಟು ಮೆಟ್ಟುವುದಿಲ್ಲ. ಅವರು ಕೇಳಿದ್ದು ಇದನ್ನು. ನನ್ನಿಂದ “ಹೂಂ” ಎಂಬ ಉತ್ತರ ಹೊರಟಿತು. ಸದರಿ ಉತ್ತರಕ್ಕೆ ಮಳೆಯಾಗಲಿ ಅಪ್ಪನಾಗಲಿ ಕಾರಣರಲ್ಲ, ನಾನೊಬ್ಬನೇ ಹೊಣೆ.

“ಈಗಿನ ಹುಡುಗ್ರಲ್ಲಿ ಇದನ್ನೆಲ್ಲ ಯಾರು ಮಾಡ್ತಾರೆ! ಒಳಗೆ ಬಾ. ಮದ್ವೆ ಆಗದವ್ರಿಗೆ ಕೊಡಲ್ಲ ಅಂತಿದ್ದೆ, ನಿನಗೆ ಕೊಡ್ತೀನಿ. ಸೋಮಾರ ಸಂಜೆ ಊಟ ನಮ್ಮಲ್ಲೇ ಮಾಡು,” ಎಂದರು.

ಹೀಗೆ ಕೋಣೆ ದೊರೆಯಿತು. ತೊಂದರೆ ಮರುದಿನ ಬೆಳಿಗ್ಗೆ ಅರಿವಿಗೆ ಬಂದಿತು. ಆ ಮನೆಯ ಜಗಲಿಯಿಂದ ನಮ್ಮ ಕಚೇರಿಯ ಮೆಟ್ಟಿಲುಗಳು ನಿಚ್ಚಳವಾಗಿ ಕಾಣುತ್ತಿದ್ದವು. ಬೂಟು ಹಾಕುವಂತಿರಲಿಲ್ಲ. ಚಪ್ಪಲಿ ಕೊಳ್ಳುವ ಪ್ರಶ್ನೆಯೇ ಉದ್ಭವಿಸಲಿಲ್ಲ. ಗಂಟನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿ, ಬರಿಗಾಲಿನಲ್ಲಿ ನೌಕರಿ ಆರಂಭಿಸಿದೆನು.

ನನ್ನ ಪಕ್ಕದ ಮೇಜಿನ ಗುಮಾಸ್ತರಿಗೆ ಮಾತ್ರ ವಿಷಯ ತಿಳಿಸಿದ್ದೆನು. ಅವರು ಆನವಟ್ಟಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಿ ಬಹಳ. ಪ್ರತಿದಿನ ಬೆಳಿಗ್ಗೆ ಎದ್ದು ನಿಂತು ಕೈಮುಗಿಯುತ್ತಿದ್ದರು.

“ಬರ್ಬೇಕು ಸ್ವಾಮಿಗಳು! ಪಾದುಕೆ ಮಂಚದ ಅಡಿ, ಪಾದ ಕೆಸರಿನ ಅಡಿ!”

ಎರಡನೆಯ ಮತ್ತು ಮೂರನೆಯ ಸೋಮವಾರ ಮಧ್ಯಾಹ್ನ ಅವರೇ ನನ್ನನ್ನು ಕಚೇರಿಯ ಹಿಂದಿನ ಬಾಗಿಲಿನಿಂದ ಬಸ್ ನಿಲ್ದಾಣದ ಹೋಟೆಲಿಗೆ ಕರೆದೊಯ್ದರು. “ಸ್ವಾಮಿಗಳಿಗೆ ಎರಡು ಪ್ಲೇಟ್ ಉಪ್ಪಿಟ್ಟು. ಉಪಾಸ ಇದಾರೆ, ಸ್ವಲ್ಪ ಜಾಸ್ತಿ ಹಾಕ್ರೀ,” ಎಂದು ಕೂಗಿ ಹೇಳುತ್ತಿದ್ದರು. ಉಪ್ಪಿಟ್ಟು ಬಹಳ ಚೆನ್ನಾಗಿರುತ್ತಿತ್ತೆಂಬುದನ್ನು ಮರೆಮಾಚಲಾರೆ. ಆದರೆ ಅದೇ ಸಂಜೆ ಯಜಮಾನಿ ದೀಪ ಹಚ್ಚಿ, “ಪಾಪ, ಹಗಲೆಲ್ಲ ಹಸಕೊಂಡೈತೆ ಕೂಸು,” ಎಂದು ಎಲೆಗೆ ಎರಡೆರಡು ಸಲ ಬಡಿಸುವಾಗ ನಾನು ತಲೆ ಎತ್ತದೆ ಎಲೆಯನ್ನೇ ನೋಡುತ್ತ ಉಣ್ಣುತ್ತಿದ್ದೆನು.

ಮೂರನೆಯ ವಾರದ ಹೊತ್ತಿಗೆ ಕಾಲ್ಬೆರಳುಗಳ ಸಂದಿಯಲ್ಲಿ ಕೆಸರುಹುಣ್ಣಾಯಿತು. ನಾನು ಕುಂಟುವುದನ್ನು ಜಗಲಿಯಿಂದಲೇ ಗಮನಿಸಿದ ಆ ತಾಯಿ, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಾಯಿಸಿ ಬಟ್ಟಲಿನಲ್ಲಿ ತಂದುಕೊಟ್ಟರು. “ಹಚ್ಕ. ದೇವ್ರು ನೋಡ್ತಿರ್ತಾನೆ,” ಎಂದರು. ನನ್ನ ಭಯವೂ ಅದೇ ಆಗಿತ್ತು.

ನಾಲ್ಕನೆಯ ಸೋಮವಾರ, ಅಂದರೆ ಕಡೆಯ ಸೋಮವಾರ ಬೆಳಿಗ್ಗೆ, ಅವರು ನನ್ನ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಿಲ್ವಪತ್ರೆ, ಊದಿನಕಡ್ಡಿ.

“ಮಂಡಿ ನೋವು, ಗುಡಿ ಮೆಟ್ಲು ಹತ್ತಾಕೆ ಆಗಲ್ಲ ತಮ್ಮ. ವ್ರತ ಮಾಡಿದವ್ರ ಕೈಯಾಗೆ ಕಳ್ಸಿದ್ರೆ ನಾನೇ ಹೋದಂಗೆ. ನನ್ನ ಹೆಸ್ರಲ್ಲಿ ಕಾಯಿ ಒಡ್ಸಿಕೊಂಡು ಬಾ.”

ತಟ್ಟೆ ಹಿಡಿಯಲು ಕೈ ಚಾಚಿದೆನು, ಆದರೆ ಹಿಡಿಯಲಾಗಲಿಲ್ಲ. ಹಿಂದಿನ ಶನಿವಾರವಷ್ಟೇ ಪಕ್ಕದ ಮೇಜಿನವರು, “ಬಾಯಿ ಬಿಡಬ್ಯಾಡ ಮಾರಾಯ. ಈ ಮಳೆಯಾಗೆ ಇನ್ನೊಂದು ರೂಮು ಎಲ್ಲಿ ಹುಡುಕ್ತಿ?” ಎಂದು ಎಚ್ಚರಿಸಿದ್ದರು. ಅವರು ಹೇಳಿದ್ದು ನಿಜವಾಗಿತ್ತು. ಆದರೆ ನನಗಾಗಿ ಹೇಳಿದ ಸುಳ್ಳನ್ನು ಇನ್ನೊಬ್ಬರ ಹರಕೆಯ ತಟ್ಟೆಯಲ್ಲಿಟ್ಟು ಗುಡಿಯವರೆಗೆ ಹೊರುವ ಧೈರ್ಯ ನನ್ನಲ್ಲಿರಲಿಲ್ಲ.

“ಅಮ್ಮ, ನಾನು ವ್ರತ ಹಿಡಿದಿಲ್ಲ,” ಎಂದೆನು. “ಬೂಟು ನೆನೀಬಾರ್ದು ಅಂತ ಅವತ್ತು ಬಿಚ್ಚಿದ್ದೆ. ನೀವು ಕೇಳಿದಾಗ ರೂಮು ಸಿಗ್ಲಿ ಅಂತ ಹೂಂ ಅಂದೆ. ಸೋಮಾರ ಹೋಟ್ಲಲ್ಲಿ ಉಪ್ಪಿಟ್ಟು ತಿಂದೀನಿ. ಇವತ್ತೇ ರೂಮು ಖಾಲಿ ಮಾಡ್ತೀನಿ.”

ಅವರು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

“ಎಲ್ಲೈತೆ ಆ ಬೂಟು? ತೆಗಿ, ನೋಡಾನ,” ಎಂದರು.

ಮಂಚದ ಕೆಳಗಿನಿಂದ ಗಂಟನ್ನು ಎಳೆದು, ಹುರಿ ಬಿಚ್ಚಿ, ಹಾಳೆ ತೆರೆದೆನು. ಕಪ್ಪು ಬೂಟುಗಳ ಬದಲಿಗೆ ಹಸಿರು ಮಿಶ್ರಿತ ಬಿಳಿಯ ಎರಡು ಆಕೃತಿಗಳು ಹೊರಬಂದವು. ಲೇಸಿನ ತುದಿಯವರೆಗೂ ಬೂಷ್ಟು ಹಿಡಿದಿತ್ತು. ಒಂದು ಹನಿ ಮಳೆ ತಾಗದ ಬೂಟು!

ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ನಕ್ಕು ನಕ್ಕು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.

“ಅಯ್ಯ ಶಿವನೇ! ಹೊಲದಾಗೆ ಬೆಳೆ ತೆಗೆಯೋ ಮಂದಿ, ಬೂಟಿನ ಮ್ಯಾಲೂ ಬೆಳ್ದೀಯಲ್ಲೋ! ಈ ಊರಾಗೆ ಚರ್ಮನ ಹಿಂಗೆ ಉಸಿರು ಕಟ್ಟಿ ಇಡ್ತಾರನ? ಒಳಗೆ ಪೇಪರ್ ತುಂಬಿ ಬಚ್ಚಲ ಒಲೆ ಮ್ಯಾಲಿನ ಹಲಗೆ ಮ್ಯಾಲೆ ಇಡ್ಬೇಕು. ಬೆಚ್ಚಗಿರ್ತೈತೆ.” ಆಮೇಲೆ ಸ್ವರ ತಗ್ಗಿಸಿ ಕೇಳಿದರು: “ತಿಂಗ್ಳು ಪೂರ್ತಿ ಬರಿಗಾಲಾಗೆ ನಡ್ದಿದ್ದು ನಿಜ ತಾನೆ?”

“ನಿಜ ಅಮ್ಮ.”

“ಹುಣ್ಣಾಗಿದ್ದು?”

“ಅದೂ ನಿಜ.”

“ಹಂಗಾದ್ರೆ ಕಾಲು ವ್ರತ ಮಾಡೈತೆ, ಬಾಯಿ ಮಾಡಿಲ್ಲ. ಬಾಯಿ ಮುಚ್ಕೊಂಡು ಕಾಯಿ ಒಡ್ಸಿಕೊಂಡು ಬಾ. ರೂಮು ಬಿಡೋ ಮಾತು ಇನ್ನೊಂದ್ಸಲ ಆಡ್ಬ್ಯಾಡ. ಇನ್ನ ಮ್ಯಾಲೆ ಹಸಿವಾದ್ರೆ ನಮ್ಮ ಮನ್ಯಾಗೆ ಕೇಳು, ಹಿಂದ್ಲ ಬಾಗ್ಲಿಂದ ಓಡಬ್ಯಾಡ.”

ಹಿಂದಿನ ಬಾಗಿಲಿನ ಸಂಗತಿ ಅವರಿಗೆ ಹೇಗೆ ತಿಳಿದಿತ್ತೋ, ನಾನು ವಿಚಾರಿಸಲು ಹೋಗಲಿಲ್ಲ.

ಗುಡಿಯಿಂದ ಹಿಂದಿರುಗಿದಾಗ ಅವರು ಹಗಲಿನಲ್ಲಿಯೇ ಎಲೆ ಹಾಕಲು ಹೊರಟರು. ಬೇಡವೆಂದೆನು. ಇದೊಂದು ಸೋಮವಾರವನ್ನಾದರೂ ಸರಿಯಾಗಿ ಆಚರಿಸುತ್ತೇನೆಂದು ಅರಿಕೆ ಮಾಡಿಕೊಂಡೆನು. “ನಿನ್ನಿಷ್ಟ. ಆದ್ರೆ ತಲೆ ತಿರುಗಿ ಕಡತದ ಮ್ಯಾಲೆ ಬೀಳಬ್ಯಾಡ,” ಎಂದು ಕಚೇರಿಗೆ ಕಳುಹಿಸಿದರು. ಪಕ್ಕದ ಮೇಜಿನವರು ಉಪ್ಪಿಟ್ಟಿಗೆ ಕರೆದಾಗ ನಾನು ಬರುವುದಿಲ್ಲವೆಂದುದಕ್ಕೆ, ಅವರು “ಸ್ವಾಮಿಗಳು ನಿಜವಾಗ್ಲೂ ಸ್ವಾಮಿಗಳಾದ್ರಲ್ಲ!” ಎಂದು ಕೈಮುಗಿದು ಒಬ್ಬರೇ ಹೋದರು.

ಸಂಜೆ ದೀಪ ಹಚ್ಚಿದ ಮೇಲೆ ಕಾಯಿಹೋಳಿಗೆ ಬಡಿಸಿದರು. ಈ ಬಾರಿ ತಲೆ ಎತ್ತಿಕೊಂಡೇ ಉಂಡೆನು. ನಾನು ಕೂತಲ್ಲೇ ಏಳು ಹೋಳಿಗೆ ತಿಂದೆನೆಂದು ಯಜಮಾನಿ ಮರುದಿನ ಜಗಲಿಯಿಂದ ಬೀದಿಗೆಲ್ಲ ಸಾರಿದರು. ನನ್ನ ತಿಳುವಳಿಕೆಯ ಪ್ರಕಾರ ಅವು ಆರು.