ನೋವಿಗೆ ನಾನು ಹೇಳಿದ ರೇಟು

ಆ ಪಾಠಕ್ಕೆ ನಾನು ತೆತ್ತದ್ದು ಬಲಗೈ ಹೆಬ್ಬೆರಳಿನ ಉಗುರು ಮತ್ತು ಎರಡು ಗಂಟೆಯ ಅನಗತ್ಯ ಸಂಕಟ. ಉಗುರು ಹೋದದ್ದು ಲಾರಿಯಿಂದ ಜಾರಿದ ಕೆಂಪುಕಲ್ಲಿನಿಂದ. ಎರಡು ಗಂಟೆ ಹೋದದ್ದು ನನ್ನ ಬಾಯಿಯಿಂದ.

ಕಾರಡ್ಕದ ಕಡೆ ಕಲ್ಲಿನ ಕೋರೆಯಲ್ಲಿ ಕಲ್ಲು ಹೊತ್ತು ಶುರುಮಾಡಿ, ಸ್ವಂತಕ್ಕೆ ಲೋಡು ಕೊಂಡು ಮಾರುವಷ್ಟು ಬೆಳೆದವನು ನಾನು. ಈ ವ್ಯಾಪಾರಕ್ಕೊಂದು ಕ್ರಮವಿದೆ: ಕೊಳ್ಳುವವನ ಬಾಯಿಂದ ಮೊದಲು ಬರುವ ಅಂಕೆ ಆದಷ್ಟು ಸಣ್ಣದಿರಬೇಕು, ಮುಖದಲ್ಲಿ ಏನೂ ಕಾಣಬಾರದು. ವರ್ಷಗಳು ಕಳೆದಂತೆ ಅದು ಮೈಗೇ ಹತ್ತಿತ್ತು.

ಕಾಸರಗೋಡಿನ ಆಸ್ಪತ್ರೆಯಲ್ಲಿ ನರ್ಸ್ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತ ಕೇಳಿದರು: "ನೋವು ಹತ್ತರಲ್ಲಿ ಎಷ್ಟು ಉಂಟು?"

"ಎರಡು," ಎಂದೆ.

ಬಿಪಿ ನೋಡಿದರೆ ನೂರ ತೊಂಬತ್ತು. ಎದೆ ಬೇರೆ ಹೊಡೆದುಕೊಳ್ಳುತ್ತಿತ್ತು. ಎರಡರ ನೋವಿಗೆ ಇಷ್ಟು ಏರಲಿಕ್ಕಿಲ್ಲ, ಇದು ನನಗೆ ಗೊತ್ತಿಲ್ಲದೆ ಮೊದಲಿನಿಂದಲೂ ಇದ್ದ ಬಿಪಿ ಕಾಯಿಲೆಯೇ ಎಂದು ಡ್ಯೂಟಿ ಡಾಕ್ಟರು ಮಾತ್ರೆ ಕೊಟ್ಟರು. ಬಿಪಿ ಇಳಿಯುವವರೆಗೆ ಹೊಲಿಗೆ ಇಲ್ಲ. ಬೆರಳಿನ ತುದಿ ಉಳಿಯುತ್ತದೋ ಇಲ್ಲವೋ ಎಂದು ಒಳಗೊಳಗೇ ಹೆದರಿದೆ. ಹೆಬ್ಬೆರಳಿಲ್ಲದೆ ಕಲ್ಲು ಹಿಡಿಯುವುದು ಹೇಗೆ? ಆದರೂ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದೆ.

ಎರಡು ಗಂಟೆ ಕಳೆದು ನರ್ಸ್ ಮತ್ತೆ ಬಂದು ಅಳೆದರು. ಇಳಿದಿರಲಿಲ್ಲ. ಅವರ ಕಣ್ಣು ನನ್ನ ಪಾದದ ಮೇಲೆ ಬಿತ್ತು.

"ಎಂತ ಮಾರಾಯ್ರೆ, ಮುಖ ಮದುವೆ ಊಟಕ್ಕೆ ಬಂದವರ ಹಾಗೆ ಉಂಟು, ಕಾಲಿನ ಬೆರಳು ಮಾತ್ರ ನೆಲ ಕಚ್ಚಿ ಹಿಡಿದಿದೆಯಲ್ಲ! ಸರಿಯಾಗಿ ಹೇಳಿ, ಎಷ್ಟು?"

"ನಾಲ್ಕು ಮಾಡುವ, ಸಿಸ್ಟರ್."

"ಮಾಡುವುದೆಂತದು? ಇದು ಕಲ್ಲಿನ ಲೋಡಾ?"

ನಗಲು ಹೋದೆ, ಕಣ್ಣಲ್ಲಿ ನೀರು ಬಂತು. "ಒಂಬತ್ತು," ಎಂದೆ.

ಅವರು ಓಡಿಹೋಗಿ ಡಾಕ್ಟರನ್ನು ಕರೆತಂದರು. ಬೆರಳಿನ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಬಿತ್ತು. ನೋವು ಹೋಯಿತು, ಅದರ ಹಿಂದೆಯೇ ಬಿಪಿಯೂ ಇಳಿಯಿತು. ಹೊಲಿಗೆ ಆಯಿತು. ತುದಿ ಉಳಿಯಿತು.

"ನಾನೂ ಇನ್ನೊಮ್ಮೆ ಕೇಳಬೇಕಿತ್ತು," ಎಂದರು ಡಾಕ್ಟರು. ಆಮೇಲೆ ಬಿಡಿಸಿ ಹೇಳಿದರು: "ನೋವಿನ ಸುದ್ದಿ ಬೆನ್ನುಹುರಿ ಹತ್ತಿ ಮೆದುಳಿನ ಬುಡಕ್ಕೆ ಹೋಗ್ತದೆ. ಅಲ್ಲಿ ನರದಿಂದ ನರಕ್ಕೆ ಸುದ್ದಿ ದಾಟಿಸುವ ರಾಸಾಯನಿಕಗಳು ಉಂಟು. ಗ್ಲುಟಮೇಟ್ ಅಂತ ಒಂದು, ಅದು ಅಲ್ಲಿನ ನರಗಳನ್ನು ಎಬ್ಬಿಸಿದರೆ ಹೃದಯ ಓಡ್ತದೆ, ರಕ್ತನಾಳ ಬಿಗೀತದೆ. ಗಾಬಾ ಅಂತ ಇನ್ನೊಂದು, ಅದು ತಡೆದು ಹಿಡೀತದೆ. ಮುಖವನ್ನು ನೀವು ಕಟ್ಟಿಹಾಕಬಹುದು, ಇದನ್ನು ಕಟ್ಟಲಿಕ್ಕೆ ಆಗುವುದಿಲ್ಲ."

ಎರಡು ವಾರ ಬಿಟ್ಟು ಅಳೆದಾಗ ಬಿಪಿ ಸರಿಯಾಗಿತ್ತು. ಅಲ್ಲಿಯವರೆಗೆ ತಿನ್ನಲು ಹೇಳಿದ್ದ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದರು. ಒಮ್ಮೆ ಉತ್ತರ ಸಿಕ್ಕ ಪ್ರಶ್ನೆಯನ್ನು ಮತ್ತೆ ಕೇಳುವ ತಾಳ್ಮೆ ಎಷ್ಟು ಜನಕ್ಕಿದೆ? ಆ ನರ್ಸಿಗಿತ್ತು. ಇಂದಿಗೂ ಅವರನ್ನು ನೆನೆಯುತ್ತೇನೆ.

ನಿಮಗೂ ಹೇಳುತ್ತೇನೆ. ನೋವಿನ ನಡುವೆ ಬಿಪಿ ಜಾಸ್ತಿ ಬಂದರೆ ಗಾಬರಿ ಬೇಡ, ಉದಾಸೀನವೂ ಬೇಡ. ನೋವು ತಣಿದ ಮೇಲೆ ಇನ್ನೊಂದು ದಿನ ಮತ್ತೆ ಅಳೆಸಿ. ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಬಿಡಬೇಡಿ. ನೋವೆಷ್ಟು ಎಂದು ಕೇಳಿದರೆ ಇದ್ದಷ್ಟೇ ಹೇಳಿ. ಜೊತೆಗೆ ಬಂದವರ ಎದುರು ಹೇಳಲು ನಾಚಿಕೆಯಾದರೆ, ಮೊದಲು ಅವರನ್ನು ಚಹಾ ಕುಡಿಯಲು ಕಳಿಸಿ.